ಹತ್ತು ಬೋಲ್ಟಿನ ಮುಚ್ಚಳ

ನನ್ನ ಜೀವಮಾನದಲ್ಲಿ ನಾನು ಸೋರದಂತೆ ತಡೆದು ನಿಲ್ಲಿಸಿದ ಗಾಡಿಯೆಣ್ಣೆಯನ್ನೆಲ್ಲ ಒಂದೇ ದಿನ ಹೊರಗೆ ಬಿಟ್ಟಿದ್ದರೆ, ನಮ್ಮ ಕಣಿವೆಯ ಓಂಗರ್ಮನ್ ನದಿ ದಡ ಮೀರಿ ಹರಿದು, ಸಾಲ್ಮನ್ ಮೀನುಗಳು ಮೇಲಕ್ಕೆ ಈಜಲಾರದೆ ಜಾರಿ ಜಾರಿ ಸಮುದ್ರಕ್ಕೆ ವಾಪಸು ಬೀಳುತ್ತಿದ್ದವು. ಇದು ಉತ್ಪ್ರೇಕ್ಷೆಯಲ್ಲ. ಉತ್ಪ್ರೇಕ್ಷೆ ನನ್ನ ಮೈಗೆ ಒಗ್ಗುವುದಿಲ್ಲ. ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಜೋತುಬಿದ್ದಿರುವ ಡಿಫರೆನ್ಶಿಯಲ್ ಎಂಬ ಕಬ್ಬಿಣದ ಗುಂಡಿಗೆ ಹಿಂಬದಿಯಿಂದ ಒಂದು ಮುಚ್ಚಳವಿರುತ್ತದಲ್ಲ, ಹತ್ತು ಬೋಲ್ಟಿನದು, ಅದನ್ನು ನನ್ನ ಹಾಗೆ ಕೂರಿಸುವವನು ಉತ್ತರ ಧ್ರುವದಿಂದ ಈಚೆಗೆ ಇನ್ನೊಬ್ಬನಿಲ್ಲ. ಧ್ರುವದಿಂದ ಆಚೆಗೆ ಇದ್ದರೆ ನನಗೆ ಗೊತ್ತಿಲ್ಲ.

ಇಂಥ ನಾನು ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಗೆಳತಿ ಸೀವ್‌ಳ ಹಳೆಯ ವೋಲ್ವೋ ಕಾರಿನ ಕೆಳಗೆ ಅಂಗಾತ ಮಲಗಿ ಆ ಮುಚ್ಚಳವನ್ನು ದಿಟ್ಟಿಸುತ್ತಿದ್ದಾಗ, ಅದರ ಕೆಳ ಅಂಚಿನಲ್ಲಿ ಒಂದು ಹನಿ ಮೂಡಿ, ದಪ್ಪಗಾಗಿ, ಸ್ವಲ್ಪ ಹೊತ್ತು ಯೋಚನೆ ಮಾಡಿ, ನನ್ನ ಹಣೆಯ ಮೇಲೆ ಬಿತ್ತು.

"ಬಿತ್ತಾ?" ಎಂದಳು ಸೀವ್ ಹೊರಗಿನಿಂದ.

"ಏನು?"

"ಹನಿ."

"ಹನಿಯಲ್ಲ ಕಣೇ, ಬೆವರು."

"ಯಾರ್ದು? ಕಾರಿಂದಾ?"

ನಾನು ತೋಳಿನಿಂದ ಹಣೆ ಒರೆಸಿಕೊಂಡೆ. ಆ ಎಣ್ಣೆಗೆ ಹಾಳಾದ ಮೊಟ್ಟೆಯ ಜೊತೆ ಬೆಳ್ಳುಳ್ಳಿ ಅರೆದಂಥ ವಾಸನೆ. ಒಮ್ಮೆ ಹಣೆಗೆ ತಾಗಿದರೆ ಭಾನುವಾರದವರೆಗೆ ಇಗರ್ಜಿಯಲ್ಲಿ ನಿಮ್ಮ ಪಕ್ಕ ಯಾರೂ ಕೂರುವುದಿಲ್ಲ.

ಸೀವ್ ನನ್ನ ಶೆಡ್ಡಿನ ಬಾಗಿಲ ಬಳಿ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಫ್ಲಾಸ್ಕಿನಿಂದ ಎರಡು ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದಳು. ನಾವಿಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಅವಳು ಮದುವೆಯಾದಳು, ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ನಾನು ಮದುವೆಯಾಗಲಿಲ್ಲ. ಈ ಕಣಿವೆಯ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಆರಿಸಿ ಮಿಕ್ಕ ನಾನೂರು ಜನರ ಮನಸ್ಸು ನೋಯಿಸುವುದು ಬೇಡವೆಂದು ಸುಮ್ಮನಿದ್ದುಬಿಟ್ಟೆ. ಸೀವ್ ತನ್ನ ಮನೆಯ ಹಿಂದಿನ ರೊಟ್ಟಿಮನೆಯಲ್ಲಿ ಸೌದೆ ಒಲೆ ಹಚ್ಚಿ ಬಾರ್ಲಿಯ ತೆಳುರೊಟ್ಟಿ ಬೇಯಿಸುತ್ತಾಳೆ. ನದಿಯ ಎರಡೂ ದಡದ ಊರುಗಳಿಗೆ ಆ ರೊಟ್ಟಿಯನ್ನು ಹೊತ್ತು ತಿರುಗುವುದು ಇದೇ ವೋಲ್ವೋ, ಇಟ್ಟಿಗೆಯಂತೆ ಚೌಕಾಕಾರದ್ದು, ಮೂವತ್ತೆಂಟು ವರ್ಷ ಹಳೆಯದು. ಅಷ್ಟು ವರ್ಷವಾದರೂ ಅದಕ್ಕೆ ಸಾಸಿವೆಕಾಳಿನಷ್ಟು ತುಕ್ಕಿಲ್ಲ. ಆ ಕೀರ್ತಿ ನನ್ನದು. ಚಳಿಗಾಲದಲ್ಲಿ ಹಿಮ ಕರಗಿಸಲು ನಮ್ಮ ರಸ್ತೆಗೆ ಸುರಿಯುವ ಉಪ್ಪು ಆನೆಯನ್ನೂ ತಿಂದು ಮುಗಿಸುತ್ತದೆ. ಅದಕ್ಕೇ ಇಲ್ಲಿ ಪ್ರತಿಯೊಬ್ಬನೂ ಅಕ್ಟೋಬರಿನಲ್ಲಿ ಕಾರಿನ ಅಡಿಗೆ ತುಕ್ಕುತಡೆಯುವ ಕಪ್ಪು ಮೇಣ ಬಳಿಯುತ್ತಾನೆ. ಬೇರೆಯವರು ಬಳಿಯುತ್ತಾರೆ, ನಾನು ಮೆತ್ತುತ್ತೇನೆ. ಹೋದ ಅಕ್ಟೋಬರಿನಲ್ಲಿ ಸೀವ್‌ಳ ಕಾರಿಗೆ ಹೆಬ್ಬೆರಳು ದಪ್ಪ ಮೆತ್ತಿ, "ಇನ್ನು ಇದರೊಳಗೆ ಉಪ್ಪು ಹಾಗಿರಲಿ, ಗಾಳಿಯೂ ನುಗ್ಗಲ್ಲ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದ್ದೆ.

ಮೇ ತಿಂಗಳಲ್ಲಿ ಹಿಮ ಕರಗಿದಾಗ ಅವಳ ಅಂಗಳದಲ್ಲಿ ಕಾರು ನಿಲ್ಲುವ ಜಾಗದಲ್ಲಿ ತಟ್ಟೆಯಗಲದ ಕಲೆ ಕಾಣಿಸಿತು. ನಾನು ಮುಚ್ಚಳ ಬಿಚ್ಚಿ ಹೊಸದಾಗಿ ಸೀಲ್ ಮಾಡಿದೆ. ಜುಲೈಯಲ್ಲಿ ಮತ್ತೆ ಸೋರಿತು, ಮತ್ತೆ ಮಾಡಿದೆ. ಹೋದ ವಾರ ಮೂರನೆಯ ಸಲ. ಆ ಸೋಮವಾರ ಅವಳು ನಲವತ್ತು ಕಿಲೋಮೀಟರ್ ದೂರದ ಗಿರಣಿಯಿಂದ ಹಿಟ್ಟು ತಂದವಳು ನೇರ ನನ್ನ ಶೆಡ್ಡಿಗೇ ಬಂದಿದ್ದಳು. ನನ್ನ ಹಣೆಯ ಮೇಲೆ ಬಿದ್ದದ್ದು ಆ ಮೂರನೆಯ ಸೀಲಿನ ಹನಿ.

"ಎದ್ದು ಬಾ, ಕಾಫಿ ಆರತ್ತೆ," ಎಂದಳು.

ನಾನು ತೆವಳಿಕೊಂಡು ಹೊರಬರುವಷ್ಟರಲ್ಲಿ ಶಬ್ದವೇ ಇಲ್ಲದೆ ರೂನೆಯ ಕಾರು ಅಂಗಳಕ್ಕೆ ಬಂದು ನಿಂತಿತ್ತು. ರೂನೆ ಆಚೆ ದಡದವನು, ನಿವೃತ್ತ ಗಣಿತದ ಮೇಷ್ಟ್ರು, ಹೆಂಡತಿ ಇಲ್ಲ, ಹಲ್ಲೆಲ್ಲ ಸ್ವಂತದ್ದು. ವಿದ್ಯುತ್ ಕಾರು ಕೊಂಡಾಗಿನಿಂದ ಅವನು ಎಲ್ಲಿಗೆ ಬಂದರೂ ಬೆಕ್ಕಿನಂತೆ ಬರುತ್ತಾನೆ.

"ಇನ್ನೂ ಸೋರ್ತಿದ್ಯಾ?" ಎಂದ ಕಿಟಕಿ ಇಳಿಸಿ. "ನನ್ನ ಗಾಡೀಲಿ ನೋಡು, ಸೋರೋಕೆ ಏನೂ ಇಲ್ವೇ ಇಲ್ಲ."

"ಜೀವ ಇದ್ರೆ ತಾನೇ ಸೋರೋದು," ಎಂದೆ. "ಅದು ಇಸ್ತ್ರಿಪೆಟ್ಟಿಗೆಗೆ ಚಕ್ರ ಹಾಕಿರೋದು."

"ಅಲ್ಗೊಟ್, ನೀನು ಗರಾಜಲ್ಲಿ ಮೂವತ್ತೊಂದು ವರ್ಷ ಏನ್ ಕೆಲಸ ಮಾಡ್ತಿದ್ದೆ ಅನ್ನೋದು ನನಗೂ..."

ಸರಿಯಾಗಿ ಆಗಲೇ ನನ್ನ ಕೈಯಿಂದ ಸುತ್ತಿಗೆ ಜಾರಿ ಖಾಲಿ ಡ್ರಮ್ಮಿನ ಮೇಲೆ ಬಿತ್ತು. ಆ ಸದ್ದಿಗೆ ಕಾಡಿನಲ್ಲಿದ್ದ ಕಡವೆಗಳು ಫಿನ್ಲೆಂಡಿಗೆ ಓಡಿರಬೇಕು. ಸದ್ದು ಅಡಗಿದ ಮೇಲೆ ರೂನೆ ನನ್ನನ್ನು ಬಿಟ್ಟು ಸೀವ್ ಕಡೆ ತಿರುಗಿದ.

"ಗುರುವಾರದ ರೊಟ್ಟಿ ನಾನು ತಗೊಂಡು ಹೋಗ್ತೀನಿ ಅಂದೆನಲ್ಲ. ಗುರುವಾರ ಒಂದೇ ಅಲ್ಲ, ಆಮೇಲೂ. ವಾರಕ್ಕೆರಡು ದಿನ. ನೀನು ಸುಮ್ನೆ ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕು. ಸೀಟು ಬಿಸಿ ಆಗತ್ತೆ."

ಗುರುವಾರ ಎಂದರೆ ಆಗಸ್ಟಿನ ಮೂರನೆಯ ಗುರುವಾರ, ಆ ವರ್ಷದ ಹುಳಿಸಿದ ಮೀನಿನ ಡಬ್ಬಿಗಳನ್ನು ಮೊದಲ ಬಾರಿಗೆ ತೆರೆಯುವ ದಿನ. ಊರಿನ ಸಭಾಭವನದ ಹೊರಗೆ ಇನ್ನೂರು ಜನ ಕೂರುತ್ತಾರೆ. ಆ ಮೀನನ್ನು ಸೀವ್‌ಳ ರೊಟ್ಟಿಯಲ್ಲಿ ಸುತ್ತಿಯೇ ತಿನ್ನಬೇಕು. ಇಲ್ಲವಾದರೆ ಅದರ ನಾತಕ್ಕೆ ತಿನ್ನುವವನೂ ಓಡಿಹೋಗುತ್ತಾನೆ, ಮೀನೂ ಓಡಿಹೋಗುತ್ತದೆ. ಆರುನೂರು ರೊಟ್ಟಿ ಹೇಳಿದ್ದರು.

ಸೀವ್ ಲೋಟದ ತಳ ನೋಡುತ್ತ ಹೇಳಿದಳು: "ಬುಧವಾರ ಪಟ್ಟಣದಲ್ಲಿ ಕಾರಿನ ತಪಾಸಣೆ ಇದೆ. ಪಾಸಾದ್ರೆ ನನ್ನ ರೊಟ್ಟಿ ನಾನೇ ಹೊತ್ಕೊಂಡು ಹೋಗ್ತೀನಿ. ಫೇಲಾದ್ರೆ ರಸ್ತೆಗೆ ಬಿಡಲ್ಲ, ಗುಜರಿಗೆ ಹಾಕ್ತೀನಿ. ಸಾಕಾಯ್ತು ನನಗೂ. ಆಮೇಲೆ ನಿನ್ನ ಬಿಸಿ ಸೀಟು ನೋಡೋಣ ಬಿಡು, ರೂನೆ."

ರೂನೆ ಎಷ್ಟು ಮೆತ್ತಗೆ ಬಂದಿದ್ದನೋ ಅಷ್ಟೇ ಮೆತ್ತಗೆ ಹೊರಟುಹೋದ. ಅವನ ಹಿಂದೆ ದೂಳು ಕೂಡ ಏಳಲಿಲ್ಲ.

ಗುಜರಿ ಎಂಬ ಮಾತು ಕೇಳಿ ನಾನು ಬಿದ್ದಿದ್ದ ಸುತ್ತಿಗೆಯನ್ನು ಎತ್ತಿ ಒರೆಸತೊಡಗಿದೆ. ನನ್ನ ಮನೆ ಗುಡ್ಡದ ತುದಿಯಲ್ಲಿದೆ. ಅದರಾಚೆಗೆ ದಾರಿಯೇ ಇಲ್ಲ. ಯಾರೂ ಬೇರೆಲ್ಲಿಗೋ ಹೋಗುತ್ತ ಹಾಗೇ ಒಂದು ನಿಮಿಷ ಎಂದು ಇಲ್ಲಿಗೆ ಬರುವುದಿಲ್ಲ. ಮೇ ತಿಂಗಳಿನಿಂದ ಸೀವ್ ಮೂರು ಸಲ ಬಂದಿದ್ದಳು, ಒಂದೊಂದು ಸಲಕ್ಕೂ ಎರಡೆರಡು ದಿನ, ಫ್ಲಾಸ್ಕು ಹಿಡಿದು. ಕಾರು ಹೋದರೆ ಅವಳು ಈ ಗುಡ್ಡ ಹತ್ತಲು ಕಾರಣವೇ ಉಳಿಯುವುದಿಲ್ಲ.

ಇಲ್ಲಿ ನಿಮ್ಮ ಕಿವಿಯಲ್ಲಿ ಒಂದು ಗುಟ್ಟು ಹೇಳಬೇಕು. ಆ ಸೋರಿಕೆಯ ಮೂಲ ಎಲ್ಲಿದೆ ಎಂಬುದು ನನಗೆ ಎರಡನೆಯ ಸಲವೇ ಗೊತ್ತಾಗಿತ್ತು. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಬೇಡಿ. ದೊಡ್ಡ ಕುಶಲಕರ್ಮಿಗಳ ಮನಸ್ಸು ಆಳವಾಗಿರುತ್ತದೆ.

"ನಾಲ್ಕನೇ ಸಲ ಮಾಡ್ತೀನಿ," ಎಂದೆ. "ಈ ಸಲ ಸೋರಿದ್ರೆ ನನ್ನ ಹೆಸರು ಅಲ್ಗೊಟ್ ಅಲ್ಲ."

"ಹೋದ ಸಲಾನೇ ನೀನು ಅಲ್ಗೊಟ್ ಅಲ್ಲ ಅಂತ ಆಗೋಯ್ತಲ್ಲೋ," ಎಂದಳು ಸೀವ್. "ಈಗ ಏನಂತ ಕರೀಲಿ?"

ನಾಲ್ಕನೆಯ ಸೀಲನ್ನು ನೀವು ನೋಡಬೇಕಿತ್ತು. ಮೊದಲು ಕೆಳಗಿನ ಬೋಲ್ಟುಗಳನ್ನು ಬಿಚ್ಚಿ, ಮೇಲಿನೆರಡನ್ನು ಹಾಗೇ ಸಡಿಲವಾಗಿ ಬಿಟ್ಟು, ಮುಚ್ಚಳವನ್ನು ಮೆಲ್ಲಗೆ ಮೀಟಿದೆ. ಒಂದೂವರೆ ಲೀಟರ್ ಎಣ್ಣೆ ಜೇನಿನಂತೆ ತಟ್ಟೆಗೆ ಇಳಿಯಿತು. ಹಳೆಯ ಸೀಲಿನ ಸಿಲಿಕೋನ್ ಅಂಟನ್ನು ಕೆರೆದು, ಒರೆಸಿ, ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ತೊಳೆದೆ. ಆ ಅಂಚು ಎಷ್ಟು ಹೊಳೆಯಿತೆಂದರೆ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆದುಕೊಂಡೆ. ಆಮೇಲೆ ಬೆಂಕಿಕಡ್ಡಿಯಷ್ಟು ದಪ್ಪದ ಸಿಲಿಕೋನಿನ ಎಳೆಯನ್ನು ಮುಚ್ಚಳದ ಸುತ್ತ, ಪ್ರತಿ ಬೋಲ್ಟಿನ ತೂತಿಗೂ ಒಳಬದಿಯಿಂದ ಬಳಸಿ, ಎಲ್ಲಿಯೂ ಕಡಿಯದಂತೆ ಎಳೆದೆ. ಉಸಿರು ಬಿಗಿಹಿಡಿದಿದ್ದೆ. ಎಷ್ಟು ಹೊತ್ತು ಎಂದರೆ ಸೀವ್ ಎರಡು ಲೋಟ ಕಾಫಿ ಮುಗಿಸಿದ್ದಳು.

"ಅಷ್ಟು ಚೆಂದ ನನಗೆ ಕೇಕಿನ ಮೇಲೆ ಕೆನೆ ಎಳೆಯೋಕೂ ಬರಲ್ಲ," ಎಂದಳು. ಅದು ಹೊಗಳಿಕೆ. ಅವಳು ಹೊಗಳುವುದು ಅಪರೂಪ, ಅದಕ್ಕೇ ಬರೆದಿಟ್ಟಿದ್ದೇನೆ.

ಹತ್ತು ನಿಮಿಷ ಬಿಟ್ಟು ಮುಚ್ಚಳ ಕೂರಿಸಿ, ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ, ಆಮೇಲೆ ಎದುರುಬದುರಾಗಿ ಒಂದೊಂದನ್ನೇ ಬಿಗಿ ಮಾಡಿದೆ. ಒಂದಿಡೀ ದಿನ ಒಣಗಲು ಬಿಟ್ಟೆ. ಆ ರಾತ್ರಿ ಸೀವ್ ನಡೆದೇ ಮನೆಗೆ ಹೋದಳು, ಮಂಗಳವಾರ ಮಧ್ಯಾಹ್ನ ನಡೆದೇ ಬಂದಳು. ಕೂದಲಲ್ಲೆಲ್ಲ ಹಿಟ್ಟು. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಿದ್ದಳಂತೆ. ಹೊಸ ಎಣ್ಣೆಯನ್ನು ಸುರಿಯುವ ತೂತಿನಿಂದಲೇ ಉಕ್ಕುವವರೆಗೆ ತುಂಬಿ, ಆ ತೂತಿಗೆ ಬಿರಡೆ ಹಾಕಿ, ಕಾರನ್ನು ಗುಡ್ಡದ ಬುಡದ ಅಂಚೆಪೆಟ್ಟಿಗೆಗಳವರೆಗೆ ಓಡಿಸಿಕೊಂಡು ಬಂದೆವು. ಅಡಿಗೆ ರಟ್ಟು ಹಾಸಿ ಅರ್ಧ ಗಂಟೆ ಕಾದೆವು. ರಟ್ಟು ಶುಭ್ರವಾಗಿತ್ತು.

"ನೋಡಿದ್ಯಾ?" ಎಂದೆ. "ಇನ್ನು ಈ ಕಾರು ಸತ್ತರೂ ಈ ಮುಚ್ಚಳ ಬದುಕಿರತ್ತೆ. ಮುಂದೆ ಭೂಮಿ ಅಗೆಯೋರು ಇದನ್ನ ನೋಡಿ ಮ್ಯೂಸಿಯಮ್ಮಲ್ಲಿ ಇಡ್ತಾರೆ."

"ನಾಳೆ ತಪಾಸಣೆ ಮುಗಿಯೋವರೆಗೆ ಬದುಕಿದ್ರೆ ಸಾಕು," ಎಂದಳು ಅವಳು.

ಬುಧವಾರ ನಾನು ಇಗರ್ಜಿಯ ಕೋಟು ತೊಟ್ಟೆ. ಸೊಲೆಫ್ತೆಯೋ ಪಟ್ಟಣ ನಮಗೆ ಐವತ್ತು ಕಿಲೋಮೀಟರ್. ಸೀವ್ ಓಡಿಸಿದಳು. ದಾರಿಯುದ್ದಕ್ಕೂ ಕಾಡುಹಣ್ಣು ಆಯುವವರ ಕಾರುಗಳು ರಸ್ತೆಬದಿಗೆ ನಿಂತಿದ್ದವು. ನಾನು ಮಾತಾಡುತ್ತಲೇ ಇದ್ದೆ. ನಾನು ಸುಮ್ಮನಾದರೆ ಹಿಂದಿನಿಂದ ಹನಿ ಬೀಳುವ ಸದ್ದು ಕೇಳಿಸೀತು ಎಂಬಂತೆ ಮಾತಾಡುತ್ತಿದ್ದೆ.

ತಪಾಸಣೆ ಮಾಡುವವಳು ಶಿರಿನ್. ಮೂವತ್ತು ದಾಟಿದ, ನಗುಮುಖದ ಹೆಂಗಸು. ಅವಳು ಟಾರ್ಚು ಹಿಡಿದು ಕಾರಿನ ಕೆಳಗೆ ನಿಂತರೆ ಕಾರುಗಳೇ ತಪ್ಪೊಪ್ಪಿಕೊಳ್ಳುತ್ತವೆ ಎಂದು ಈ ಸೀಮೆಯಲ್ಲಿ ಹೆಸರು. ದೀಪ, ಬ್ರೇಕು, ಹೊಗೆ ಎಲ್ಲ ಮುಗಿಸಿ, ಕಾರನ್ನು ಲಿಫ್ಟಿನಲ್ಲಿ ಎತ್ತಿ ಅಡಿಯನ್ನು ನೋಡಿದಳು.

"ಅಬ್ಬಾ, ಏನು ಮೇಣ," ಎಂದಳು. "ಯಾರು ಇಷ್ಟು ಬಳಿದಿದ್ದು?"

"ನಾನೇ," ಎಂದೆ ಎದೆಯುಬ್ಬಿಸಿ. "ತುಕ್ಕು ನನ್ನ ಹೆಸರು ಕೇಳಿದ್ರೆ ಪಕ್ಕದ ಜಿಲ್ಲೆಗೆ ಹೋಗತ್ತೆ."

ಅವಳು ಹಿಂಭಾಗಕ್ಕೆ ಬಂದಳು. ಟಾರ್ಚು ನಿಂತಿತು. ಅವಳು ಬೆರಳಿನಿಂದ ಮುಚ್ಚಳದ ಕೆಳ ಅಂಚನ್ನು ಸವರಿ, ಬೆರಳನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ಒದ್ದೆ. ನಾವು ಮೂವರೂ ಮೇಲೆ ನೋಡುತ್ತಿರುವಾಗಲೇ ಇನ್ನೊಂದು ಹನಿ ದಪ್ಪಗಾಗುತ್ತಿತ್ತು.

"ಇದನ್ನ ಪಾಸ್ ಮಾಡೋಕಾಗಲ್ಲ ಯಜಮಾನ್ರೇ. ತೊಟ್ಟಿಕ್ತಾ ಇದೆ."

ನಾನು ಸಿಲಿಕೋನ್ ಮಾಡುವವರನ್ನು ಬೈದೆ. ಮುಚ್ಚಳದ ತಗಡು ಬಗ್ಗಿರಬೇಕು ಎಂದೆ. ರಸ್ತೆಯ ಉಬ್ಬುತಗ್ಗಿಗೆ ಸರ್ಕಾರವನ್ನು ಹೊಣೆ ಮಾಡಿದೆ. ಸ್ವಲ್ಪ ಹೊತ್ತಿಗೆ ಚಂದ್ರನ ಆಕರ್ಷಣೆಯವರೆಗೂ ಹೋದೆ. ಶಿರಿನ್ ಎಲ್ಲ ಕೇಳಿ, "ಒಂದು ಗಂಟೆಗೆ ಒಬ್ರು ಬರಲ್ಲ ಅಂತ ಫೋನ್ ಮಾಡಿದಾರೆ. ಆ ಹೊತ್ತಿಗೆ ಸೋರೋದನ್ನ ನಿಲ್ಲಿಸಿಕೊಂಡು ಬಂದ್ರೆ ಇನ್ನೊಂದ್ಸಲ ನೋಡ್ತೀನಿ. ಅದಾದ್ಮೇಲೆ ಈ ತಿಂಗಳು ಜಾಗ ಇಲ್ಲ," ಎಂದಳು.

ಆಗ ಹನ್ನೊಂದು ಗಂಟೆ. ಸೀಲ್ ಮಾಡಿ ಒಣಗಿಸಲು ಒಂದು ದಿನ ಬೇಕು. ನಮ್ಮ ಬಳಿ ಇದ್ದದ್ದು ಎರಡು ಗಂಟೆ.

ಕಾರನ್ನು ಹೊರಗಿನ ಬಯಲಿನಲ್ಲಿ ನಿಲ್ಲಿಸಿ ಇಬ್ಬರೂ ಇಳಿದು ನಿಂತೆವು. ಸೀವ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕಾರಿನ ಮೇಲ್ಛಾವಣಿಯ ಮೇಲೆ ಅಂಗೈ ಇಟ್ಟುಕೊಂಡು, ಮಾರಲು ಹೊರಟ ಹಸುವಿನ ಬೆನ್ನು ಸವರುವವರ ಹಾಗೆ ಎರಡು ಸಲ ಸವರಿದಳು.

"ನಿನ್ನೆ ಯಾಕೋ ಸೋರಲಿಲ್ಲ?" ಎಂದಳು ಆಮೇಲೆ.

"ನಿನ್ನೆ ಅಂಚೆಪೆಟ್ಟಿಗೆವರೆಗೆ ಹೋಗಿದ್ದು ಅಷ್ಟೇ. ಬಿಸಿ ಆಗಿರಲಿಲ್ಲ."

"ಬಿಸಿ ಆದ್ರೆ ಮಾತ್ರ ಸೋರತ್ತೆ."

"ಹೂಂ."

"ಅಂದ್ರೆ ಒಳಗಡೆ ಏನೋ ಉಬ್ಬತ್ತೆ."

"ಎಣ್ಣೆ ಉಬ್ಬಲ್ಲ ಕಣೇ, ಅದೇನು ಹಿಟ್ಟಾ?"

"ಎಣ್ಣೆ ಅಲ್ಲ ಕಣೋ. ಗಾಳಿ." ಅವಳು ಕೋಟಿನ ಗುಂಡಿ ಬಿಚ್ಚತೊಡಗಿದಳು. "ನಾನು ಹಲ್ಲಿನ ಲಟ್ಟಣಿಗೆ ಯಾಕೆ ಹೊಡೀತೀನಿ ರೊಟ್ಟಿ ಮೇಲೆ? ತೂತು ಬೀಳಲಿ ಅಂತ. ಒಂದು ರೊಟ್ಟಿಗೆ ತೂತು ಹೊಡೆಯೋದು ಮರೆತ್ರೂ ಅದು ಒಲೆಯಲ್ಲಿ ಚೆಂಡಿನ ಥರ ಉಬ್ಬಿ, ಅಂಚಲ್ಲಿ ಎಲ್ಲಿ ಮೆತ್ತಗಿದೆ ಅಂತ ನೋಡಿ ಅಲ್ಲಿ ಒಡೆಯತ್ತೆ. ಅಂಚನ್ನ ಎಷ್ಟು ಸಲ ಮೆತ್ತಿದ್ರೂ ಒಡೆಯತ್ತೆ. ಇದು ಎಲ್ಲಿಂದ ಉಸಿರಾಡತ್ತೆ?"

"ಯಾವುದು?"

"ಈ ನಿನ್ನ ಕುಂಬಳಕಾಯಿ."

ಅರವತ್ತೇಳು ವರ್ಷದಲ್ಲಿ ನನಗೆ ಉತ್ತರ ಸಿಗದ ಪ್ರಶ್ನೆ ಅದೊಂದೇ ಎಂದು ನೀವು ತಿಳಿದರೆ ಅದು ತಪ್ಪು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳೇ ಕಂಡುಕೊಳ್ಳಲಿ ಎಂದು ಅವಕಾಶ ಕೊಟ್ಟೆ, ಅಷ್ಟೇ.

"ಕಬ್ಬಿಣ ಉಸಿರಾಡಲ್ಲ," ಎಂದೆ.

"ಹಿಡ್ಕೋ," ಎಂದು ಕೋಟನ್ನೂ ಕೈಚೀಲವನ್ನೂ ನನ್ನ ತೋಳಿಗೆ ಹಾಕಿದಳು. ಹಿಂದಿನ ಬಂಪರಿನ ಕೆಳಗೆ ಹಳೆಯ ಪತ್ರಿಕೆ ಹಾಸಿ, ಅಂಗಾತ ಮಲಗಿ, ಮೊಣಕಾಲವರೆಗೆ ಒಳಗೆ ಹೋದಳು. ಪಟ್ಟಣದ ಜನ ಹೋಗುತ್ತ ಬರುತ್ತ ನೋಡಿದರು. ಕೋಟು ಹೊತ್ತು, ಹೆಂಗಸಿನ ಕೈಚೀಲ ಹಿಡಿದು, ಇಬ್ಬದಿಗೂ ಒಬ್ಬೊಬ್ಬರಿಗೆ ತಲೆಬಾಗಿಸಿ ನಮಸ್ಕಾರ ಹೇಳುತ್ತ ನಿಂತೆ. ನನಗೆ ಕಾಣುತ್ತಿದ್ದದ್ದು ಅವಳ ಎರಡು ಕಂದು ಬೂಟುಗಳು ಮಾತ್ರ. ಬಲಗಾಲಿನ ಬೂಟಿನ ಹಿಮ್ಮಡಿಗೆ ಒಣಗಿದ ಹಿಟ್ಟು ಅಂಟಿತ್ತು.

"ಗುಂಡಿನಿಂದ ಚಕ್ರದ ಕಡೆಗೆ ಕೊಳವೆ ಹೋಗತ್ತಲ್ಲ," ಎಂಬ ಧ್ವನಿ ಕೆಳಗಿನಿಂದ ಬಂತು. "ಅದರ ನೆತ್ತಿ ಮೇಲೆ ಏನೋ ಮೊಳಕೆ ಥರ ಸಿಕ್ತಿದೆ. ಪೂರ್ತಿ ಮೇಣ."

"ಮುಟ್ಟಬೇಡ, ಅದು ತುಕ್ಕು ತಡೆಯೋಕೆ."

"ಸುಮ್ನಿರೋ."

ಆಮೇಲೆ ಕೆರೆಯುವ ಸದ್ದು. ತಲೆಯಿಂದ ಪಿನ್ನು ತೆಗೆದಿದ್ದಳೆಂದು ಕಾಣುತ್ತದೆ. ಕೊಂಚ ಹೊತ್ತು ಏನೂ ಇಲ್ಲ. ಬಳಿಕ ಕಾರು ಉಸಿರು ಬಿಟ್ಟಿತು. ಬೇರೆ ಮಾತಿಲ್ಲ ಅದಕ್ಕೆ. ಉಸ್ಸ್ ಎಂದು, ಸಣ್ಣಗೆ, ಬಹಳ ಹೊತ್ತು. ಇಡೀ ಚಳಿಗಾಲ ಯಾರದೋ ಎದುರು ಹೊಟ್ಟೆ ಒಳಗೆಳೆದು ನಿಂತಿದ್ದವರು ಮನೆಗೆ ಬಂದು ಬೆಲ್ಟು ಸಡಿಲಿಸಿದ ಹಾಗೆ.

ಬೂಟುಗಳು ಅಲುಗಾಡಲಿಲ್ಲ. ಕೆಳಗಿನಿಂದ ನಗು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಬೂಟುಗಳೂ ಕುಲುಕುವಷ್ಟು.

ಅವಳು ಹೊರಗೆ ಬಂದು, ಜೇನುಗೂಡಿನ ತುಂಡಿನಂಥ ಕಪ್ಪು ಮೇಣದ ಗಟ್ಟಿಯೊಂದನ್ನು ನನ್ನ ಅಂಗೈಯಲ್ಲಿಟ್ಟಳು. ಅದರ ಮೇಲೆ ನನ್ನ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಮೂಡಿತ್ತು. "ಗಾಳಿಯೂ ನುಗ್ಗಲ್ಲ ಅಂದಿದ್ದೆ," ಎಂದಳು. "ನಿಜಾನೇ ಹೇಳಿದ್ದೆ ಪಾಪ."

ಮುಚ್ಚಳದ ಅಂಚನ್ನು ಒರೆಸಿ ಒಣಗಿಸಿದೆವು. ನದಿಯ ದಂಡೆಯ ರಸ್ತೆಯಲ್ಲಿ ಮುಕ್ಕಾಲು ಗಂಟೆ ಜೋರಾಗಿ ಓಡಿಸಿ, ಒಂದಕ್ಕೆ ಐದು ನಿಮಿಷವಿರುವಾಗ ವಾಪಸು ಬಂದೆವು. ಶಿರಿನ್ ಕಾರನ್ನು ಎತ್ತಿ ಬೆರಳಿಂದ ಸವರಿ ಬೆರಳು ತೋರಿಸಿದಳು. ಒಣಗಿತ್ತು. ಕಾರನ್ನು ಹಾಗೇ ಮೇಲಿರಿಸಿಕೊಂಡು ಒಂದು ಲೋಟ ಕಾಫಿ ಪೂರ್ತಿ ಕುಡಿದಳು, ಮತ್ತೆ ಸವರಿದಳು. ಆಗಲೂ ಒಣಗೇ ಇತ್ತು.

"ಏನು ಮಾಡಿದ್ರಿ?"

"ಉಸಿರಾಡೋ ತೂತು ಮುಚ್ಚಿತ್ತು," ಎಂದಳು ಸೀವ್.

"ಯಾರು ಮುಚ್ಚಿದ್ದು?"

"ಯಾವನೋ ಮೂರ್ಖ," ಎಂದೆ ನಾನು ಬೇಗನೆ. ಸೀವ್ ಕಿಟಕಿಯಾಚೆ ನೋಡಿದಳು. ಅವಳ ಭುಜ ಅಲುಗುತ್ತಿತ್ತು. ಶಿರಿನ್ ಕಾಗದಕ್ಕೆ ಸಹಿ ಹಾಕಿದಳು.

ಗುರುವಾರ ಸಂಜೆ ಐದಕ್ಕೆ ಸಭಾಭವನದ ಹೊರಗೆ ಉದ್ದುದ್ದ ಮೇಜುಗಳು, ಬಿಸಿಲು, ಕಣಜದ ಹುಳಗಳು. ಸೀವ್‌ಳ ಆರುನೂರು ರೊಟ್ಟಿ ಅವಳದೇ ಕಾರಿನಲ್ಲಿ ಬಂದು ಇಳಿದಿತ್ತು. ಅವಳು ಬೇಗ ಬಂದವಳು ಒಂದು ಬೆಂಚಿನ ನಡುವೆ ಕೂತಿದ್ದಳು. ಅವಳ ಎಡಕ್ಕೆ ಅಂಗಡಿಯ ದಂಪತಿ, ಬಲಕ್ಕೆ ಇಸ್ತ್ರಿ ಮಾಡಿದ ಅಂಗಿಯ ರೂನೆ, ಬೆಂಚಿನ ಕೊನೆಯವರೆಗೂ ಅವನೇ. ನನಗೆ ಜಾಗವಿರಲಿಲ್ಲ. ತಟ್ಟೆ ಹಿಡಿದುಕೊಂಡು ಮೇಜಿನ ಈಚೆ ನಿಂತಿದ್ದೆ. ಡಬ್ಬಿಗಳು ಒಂದೊಂದಾಗಿ ಬುಸ್ಸೆಂದು ತೆರೆದುಕೊಂಡವು. ಆ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಂಡರು, ಹಳಬರು ಕಣ್ಣು ಮುಚ್ಚಿಕೊಂಡರು.

"ನಾಲ್ಕು ಸಲ ಬಿಚ್ಚಿದ್ನಂತೆ ಮುಚ್ಚಳಾನ," ರೂನೆ ಎಲ್ಲರಿಗೂ ಕೇಳುವಂತೆ ಹೇಳಿದ. "ಕೊನೆಗೆ ರಿಪೇರಿ ಮಾಡಿದ್ದು ತಲೆಪಿನ್ನು."

ಮೇಜಿಗೆ ಮೇಜೇ ನಕ್ಕಿತು. ಜಟ್ಟಿ ಬಿದ್ದರೂ ಮೀಸೆಗೆ ಮಣ್ಣು ತಾಗಬಾರದು. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ.

"ನನಗೆ ಎರಡನೇ ಸಲಾನೇ ಗೊತ್ತಿತ್ತು ಆ ತೂತು ಮುಚ್ಚಿದೆ ಅಂತ."

"ಗೊತ್ತಿದ್ದೂ?"

"ಗೊತ್ತಿದ್ದೂ ಬಿಟ್ಟೆ. ಬೇಕು ಅಂತಾನೇ. ಕಾರು ಸರಿಹೋದ್ರೆ ಸೀವ್ ನನ್ನ ಶೆಡ್ಡಿಗೆ ಮತ್ತೆ ಯಾಕೆ ಬರ್ತಾಳೆ?"

ನಗು ನಿಂತಿತು. ಅಂಗಡಿಯವನ ಹೆಂಡತಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. ರೂನೆಯ ಬಾಯಿಯಲ್ಲಿ ಆಲೂಗಡ್ಡೆ ಹಾಗೇ ಉಳಿಯಿತು. ಅದುವರೆಗೆ ನಾನು ಹೇಳಿದ ಸುಳ್ಳುಗಳಲ್ಲೆಲ್ಲ ಇದೇ ದೊಡ್ಡದು ಎಂದು ನನಗೇ ಅನ್ನಿಸಿತು. ಮೂರ್ಖ ಎನ್ನಿಸಿಕೊಳ್ಳುವುದಕ್ಕಿಂತ ಕಳ್ಳ ಎನ್ನಿಸಿಕೊಳ್ಳುವುದು ಎಷ್ಟೋ ವಾಸಿ.

ಸೀವ್ ತಲೆ ಎತ್ತಲಿಲ್ಲ. ರೊಟ್ಟಿಗೆ ಬೆಣ್ಣೆ ಸವರುತ್ತ, ಹೊತ್ತೆಷ್ಟು ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಳು:

"ಅಲ್ಗೊಟ್, ಆ ತೂತು ಎಡಗಡೆ ಇತ್ತೋ, ಬಲಗಡೆ ಇತ್ತೋ?"

ಎರಡರಲ್ಲಿ ಒಂದು. ರೂನೆಯಂಥ ಗಣಿತದ ಮೇಷ್ಟ್ರನ್ನು ಕೇಳಿದರೂ ಅರ್ಧಕ್ಕರ್ಧ ಅವಕಾಶ ಎನ್ನುತ್ತಿದ್ದ.

"ಬಲಗಡೆ," ಎಂದೆ, ಹುಟ್ಟಿದಂದಿನಿಂದ ಕಂಡವನಂತೆ.

"ಎಡಗಡೆ," ಎಂದಳು ಸೀವ್.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುತ್ತಿಗೆ ಇರಲಿಲ್ಲ, ಡ್ರಮ್ಮೂ ಇರಲಿಲ್ಲ.

"ಗೊತ್ತಿರಲಿಲ್ಲ," ಎಂದೆ. "ನಾಲ್ಕು ಸಲ ಅದರ ಕೆಳಗೆ ಮಲಗಿದೆ. ಅಂಥದ್ದೊಂದು ತೂತು ಇರತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ."

ಒಮ್ಮೆ ಬಿರಡೆ ಬಿಚ್ಚಿದ ಮೇಲೆ ಮಿಕ್ಕದ್ದೂ ತಾನಾಗಿ ಇಳಿಯುತ್ತದೆ. ನಮ್ಮೂರಿನವರಿಗೆಲ್ಲ ಗೊತ್ತಿದ್ದು ನಿಮಗೆ ಮಾತ್ರ ಹೇಳದೆ ಉಳಿಸಿಕೊಂಡದ್ದನ್ನೂ ಅಲ್ಲೇ ಎಲ್ಲರೆದುರು ಹೇಳಿಬಿಟ್ಟೆ. ಗರಾಜಿನಲ್ಲಿ ಮೂವತ್ತೊಂದು ವರ್ಷ ನಾನಿದ್ದದ್ದು ಬಿಡಿಭಾಗಗಳ ಕೌಂಟರಿನ ಹಿಂದೆ. ಕೇಳಿದವರಿಗೆ ವೈಪರು, ಬಲ್ಬು, ಬೆಲ್ಟು ಎತ್ತಿ ಕೊಡುತ್ತಿದ್ದೆ. ಸೀಲ್ ಮಾಡುವ ವಿಧಾನವನ್ನು ಕಲಿತದ್ದು ಸಿಲಿಕೋನ್ ಟ್ಯೂಬಿನ ಬೆನ್ನಿನ ಮೇಲೆ ಓದಿ. ನನ್ನ ಜೀವಮಾನದಲ್ಲಿ ನಾನು ಕೂರಿಸಿದ ಮುಚ್ಚಳ ಒಂದೇ ಒಂದು. ಅದನ್ನೇ ನಾಲ್ಕು ಸಲ.

"ಕೌಂಟರಲ್ಲಿ ಕೂತಿದ್ದೆ ಅನ್ನೋ ಕಥೆ ನನಗೆ ಗೊತ್ತಿಲ್ವೇನೋ?" ಎಂದಳು ಸೀವ್. "ಎಷ್ಟು ಸಲ ಬಂದು ನಿನ್ನ ಕೈಯಿಂದಾನೇ ಬಲ್ಬು ತಗೊಂಡು ಹೋಗಿದೀನಿ."

"ಗೊತ್ತಿದ್ದೂ," ಎಂದೆ, "ನಾಲ್ಕು ಸಲಾನೂ ನನ್ನ ಹತ್ರಾನೇ ಯಾಕೆ ತಂದೆ?"

ಅವಳು ರೊಟ್ಟಿಯ ಮೇಲೆ ಆಲೂಗಡ್ಡೆ ಜೋಡಿಸಿ, ಈರುಳ್ಳಿ ಉದುರಿಸಿ, ಮೀನಿಟ್ಟು, ಅಂಚು ಮಡಿಸಿ ಸುರುಳಿ ಸುತ್ತಿದಳು. ಆಮೇಲೆ ಬಲಕ್ಕೆ ಒಂದು ಗೇಣು ಸರಿದಳು. ರೂನೆ ಸರಿಯಬೇಕಾಯಿತು. ಅವಳು ಇನ್ನೊಂದು ಗೇಣು ಸರಿದಳು. ರೂನೆ ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ, ಕಾಲೊಂದನ್ನು ಹುಲ್ಲಿಗೆ ಊರಿಕೊಂಡು ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳ ಎಡಗಡೆಯ ಹಲಗೆಯ ಮೇಲೆ ಒಬ್ಬ ಮನುಷ್ಯ ಕೂರುವಷ್ಟು ಜಾಗದಲ್ಲಿ ಸಂಜೆಯ ಬಿಸಿಲು ಬಿದ್ದಿತ್ತು.